ಸೊಸೆಗೆ ಮೊದಲ ತಟ್ಟೆ

ಆ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲ ತಟ್ಟೆ ಸೊಸೆಗೆ. ಕೇಳಿದವರು ಎಂಥ ಪುಣ್ಯವಂತೆಯಪ್ಪಾ ಅನ್ನುತ್ತಿದ್ದರು. ಮಾವನಿಗಿಂತ ಮೊದಲು, ಗಂಡನಿಗಿಂತ ಮೊದಲು, ಹಸಿವು ಹಸಿವು ಎಂದು ಕಾಲು ಬಡಿಯುವ ಪುಟ್ಟ ಮಗಳಿಗಿಂತಲೂ ಮೊದಲು ಅತ್ತೆಯ ಸೌಟು ಸೊಸೆಯ ತಟ್ಟೆಗೇ ಬರುತ್ತಿತ್ತು. ಬಡಿಸಿದವರು ಅತ್ತಿತ್ತ ಹೋಗುವುದಿಲ್ಲ. ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಎದುರಿಗೇ ನಿಂತು, ಸೊಸೆ ಮೊದಲ ತುತ್ತು ಬಾಯಿಗಿಟ್ಟು, ಅಗಿದು, ನುಂಗುವವರೆಗೂ ಅವಳ ಮುಖವನ್ನು ದಿಟ್ಟಿಸುತ್ತಿದ್ದರು. ಆಮೇಲೆ "ಇರಿ, ಸ್ವಲ್ಪ ಬಿಸಿ ಮಾಡಿ ತರ್ತೀನಿ" ಅಂತ ಪಾತ್ರೆಯನ್ನು ಒಳಗೊಯ್ದು, ಅದೇನೋ ಕಲಕಿ, ತಂದು ಉಳಿದವರಿಗೆ ಬಡಿಸುತ್ತಿದ್ದರು.

ಉಳಿದವರು ಬೆರಳು ಚೀಪಿಕೊಂಡು ಉಣ್ಣುತ್ತಿದ್ದರು. ಸೊಸೆಯ ತಟ್ಟೆಯಲ್ಲಿ ಮಾತ್ರ ಬೇಳೆ ಒಂದು ದಿನ ಸಮುದ್ರದ ನೀರು, ಇನ್ನೊಂದು ದಿನ ಬರೀ ನೀರು. ತರಕಾರಿ ಒಮ್ಮೊಮ್ಮೆ ಕಣ್ಣಲ್ಲಿ ನೀರು ಬರುವಷ್ಟು ಖಾರ. ಬಿಸಿ ಮಾಡಿ ತಂದ ಮೇಲೆ ಅತ್ತೆ "ಇನ್ನೊಂದು ಸೌಟು ಹಾಕಲಾ?" ಎಂದು ಬಂದರೆ ಅವಳು ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು" ಅನ್ನುತ್ತಿದ್ದಳು. ಒಂದು ಸೌಟಿನದೇ ಗಂಟಲಲ್ಲಿ ಇಳಿಯದಿರುವಾಗ ಇನ್ನೊಂದು ಸೌಟು ಯಾರಿಗೆ ಬೇಕು?

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನಬೇಡಿ. ತಟ್ಟೆಯ ಮುಂದೆ ಕೂತು ಅಡುಗೆಯನ್ನು ಹಳಿಯಬಾರದು ಎನ್ನುವುದು ಆ ಮನೆಯ ಕಟ್ಟುನಿಟ್ಟಿನ ನಿಯಮ. ಅತ್ತೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವರಾಗಿದ್ದು ನಿವೃತ್ತರಾದವರು. ಅವರ ಕೈರುಚಿ ಉಂಡವರು ಇವತ್ತಿಗೂ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಅಂಥವರ ಅಡುಗೆಗೆ ಹೆಸರಿಡುವ ಧೈರ್ಯ ಯಾರಿಗಿದೆ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ ಕೂರಿಸಿ ಹಸಿದು ಬರುವ ಸೊಸೆ ತುಟಿ ಬಿಗಿದುಕೊಂಡು ಉಣ್ಣುತ್ತಿದ್ದಳು. ಕೋಣೆ ಸೇರಿದ ಮೇಲೆ ಗಂಡನ ಮೇಲೆ ಹರಿಹಾಯುತ್ತಿದ್ದಳು.

"ನಿಮ್ಮಮ್ಮ ನನ್ನ ತುತ್ತು ಎಣಿಸ್ತಾರೆ ರೀ."

"ಮೊದಲು ನಿನಗೇ ಬಡಿಸ್ತಾರಲ್ಲೇ! ಇನ್ನೇನು ಆರತಿ ಎತ್ತಬೇಕಾ?" ಎಂದ ಗಂಡ. ಅವನು ಬಸ್ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಬಂದವನಿಗೆ ಮನೆಯಲ್ಲಿ ಯಾರ ಸದ್ದೂ ಬೇಡ.

"ನನ್ನ ತಟ್ಟೆಗೆ ಬೇರೆ, ನಿಮ್ಮ ತಟ್ಟೆಗೆ ಬೇರೆ. ನಾಳೆ ನನ್ನ ತಟ್ಟೆಯಿಂದ ಒಂದು ತುತ್ತು ತಿಂದು ನೋಡಿ, ಆಮೇಲೆ ಮಾತಾಡಿ."

"ತಟ್ಟೆ ತಟ್ಟೆ ಹೋಲಿಸಿ ನೋಡೋ ಮನೆಯಲ್ಲ ಕಣೇ ಇದು."

ಮಾತು ಅಲ್ಲಿಗೇ ಮುರಿಯಿತು. ಹೋದ ವರ್ಷದ ಬೇಸಿಗೆ ಮುಗಿದು, ಮನೆಮಂದಿಗೆಲ್ಲ ಜ್ವರ ಬಂದು ಹೋದ ಹೊತ್ತಿಗೆ ಶುರುವಾದ ರಗಳೆ ಇದು, ಮತ್ತೊಂದು ಬೇಸಿಗೆ ಬಂದರೂ ಮುಗಿದಿರಲಿಲ್ಲ. ಕೊನೆಗೆ ಸೊಸೆಯೇ ಊರೆಲ್ಲ ವಿಚಾರಿಸಿ, ದರ್ಜಿಯ ಅಂಗಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ ನೋಡಿ ಬಂದಳು. ಗಾಳಿ, ಬೆಳಕು, ಒಂದು ಪುಟ್ಟ ಅಡುಗೆಮನೆ. ಆ ಅಡುಗೆಮನೆಯ ಕಟ್ಟೆಯ ಮೇಲೆ ಕೈಯಿಟ್ಟಾಗ ಅವಳಿಗೆ ನಿಜವಾಗಿಯೂ ಹಸಿವಾಗಿತ್ತು. ಗಂಡ ಹೂಂ ಎನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ತೋಟಕ್ಕೆ ಹೋಗಿ ಬಂದ ಮೇಲೆ ಹೇಳ್ತೀವಿ ಎಂದು ಆ ಬಾಡಿಗೆ ಮನೆಯ ಯಜಮಾನನಿಗೆ ವಾಯಿದೆ ಹೇಳಿದ.

"ಅಮ್ಮನಿಗೆ ಅಲ್ಲೇ ನಿಧಾನವಾಗಿ ಹೇಳ್ತೀನಿ" ಎಂದ.

"ನೀವು ಹೇಳಿದ ಹಾಗೇ! ನಾನೇ ಹೇಳ್ತೀನಿ" ಎಂದಳು ಸೊಸೆ. ಹೀಗೆ ಆ ಸಲ ಅವಳು ಬಟ್ಟೆಯ ಜೊತೆಗೆ ಆ ಮಾತನ್ನೂ ಕಟ್ಟಿಕೊಂಡು ಹೊರಟಳು.

ತೋಟ ಅತ್ತೆಯ ತಂಗಿಯದು. ಬೆಟ್ಟದ ಮೇಲೆ, ಬಸ್ಸು ಏದುಸಿರು ಬಿಟ್ಟುಕೊಂಡು ಹತ್ತುವ ದಾರಿ. ಆಕೆಯನ್ನು ಎಲ್ಲರೂ ತೋಟದಮ್ಮ ಎಂದೇ ಕರೆಯುವುದು. ದೊಡ್ಡ ಗಂಟಲು, ಮನಸ್ಸಿನಲ್ಲಿದ್ದದ್ದು ನೇರ ಬಾಯಿಗೆ. ಆಕೆಯ ಪ್ಲಮ್ ಹಣ್ಣುಗಳು ವರ್ಷವಿಡೀ ಸುಮ್ಮನಿದ್ದು, ಬೇಸಿಗೆಯ ಒಂದು ವಾರದಲ್ಲಿ ಎಲ್ಲವೂ ಒಟ್ಟಿಗೇ ಹಣ್ಣಾಗಿ ಬೀಳತೊಡಗುತ್ತವೆ. ಆ ವಾರ ನೆಂಟರೆಲ್ಲ ಬಂದು ಕೈಹಚ್ಚಬೇಕು. ಕಿತ್ತದ್ದರಲ್ಲಿ ಚೆನ್ನಾಗಿದ್ದದ್ದು ಪೇಟೆಗೆ, ಮೆತ್ತಗಾದದ್ದು ಜಾಮಿಗೆ. ಹೋಗುವಾಗ ಎಲ್ಲರಿಗೂ ವರ್ಷಕ್ಕಾಗುವಷ್ಟು ಜಾಡಿಗಳು.

ಪ್ರತಿ ವರ್ಷ ಬಂದರೂ ಗೇಟು ದಾಟಿದ ಕೂಡಲೇ ಸೊಸೆಯ ಕಾಲು ನಿಂತೇ ಬಿಡುತ್ತಿತ್ತು. ಆ ಸಲವೂ ನಿಂತಿತು. ಮರಗಳು ದೊಡ್ಡವೇನಲ್ಲ, ಆದರೆ ಎಲೆ ಎಲ್ಲಿ ಹಣ್ಣೆಲ್ಲಿ ಎಂದು ತಿಳಿಯದಷ್ಟು ಹಣ್ಣು. ಭಾರಕ್ಕೆ ಮುರಿಯದಿರಲಿ ಎಂದು ಕೊಂಬೆ ಕೊಂಬೆಗೂ ಕವೆಗೋಲು ಕೊಟ್ಟಿದ್ದರು. ಹಣ್ಣಿನ ಮೈಮೇಲೆ ತೆಳ್ಳಗೆ ಬೂದಿ ಹಚ್ಚಿದಂಥ ಪುಡಿ. ಬೆರಳು ಸೋಕಿದರೆ ಅಷ್ಟೇ ಜಾಗದಲ್ಲಿ ಕಡುಗೆಂಪು ಫಳಕ್ಕೆನ್ನುತ್ತಿತ್ತು.

"ಅಮ್ಮಾ, ಇದನ್ನೆಲ್ಲ ಯಾರು ಅಂಟಿಸಿದ್ರು?" ಎಂದಳು ಮಗಳು.

"ಯಾರೂ ಅಂಟಿಸಿಲ್ಲ ಪುಟ್ಟೀ, ತಾನೇ ಬಂತು" ಎಂದಳು. ಹೇಳಿದ ಮೇಲೆ, ತಾನೇ ಬಂತು ಎಂಬ ಮಾತೇ ಎಷ್ಟು ದೊಡ್ಡದು ಅನ್ನಿಸಿತು.

ಮಾವ ಗಡಿಯಾರ ರಿಪೇರಿಯವರು. ಏಣಿಯ ಮೇಲೆ ಕೂತು ಒಂದು ಕಣ್ಣು ಮುಚ್ಚಿ ಒಂದೊಂದು ಹಣ್ಣನ್ನೂ ಪರೀಕ್ಷೆ ಮಾಡಿ, ತೊಟ್ಟು ಹಿಡಿದು ತಿರುವಿ, ಬಗಲ ಬುಟ್ಟಿಗೆ ಇಳಿಸುತ್ತಿದ್ದರು.

"ಭಾವಾ, ಅದಕ್ಕೆ ಕೀಲಿ ಕೊಡೋದು ಬೇಡ, ಕಿತ್ತರೆ ಸಾಕು!" ಎಂದು ತೋಟದಮ್ಮ ಕೆಳಗಿನಿಂದ ಕೂಗಿದಳು.

"ಒಂದು ಸೆಕೆಂಡು ಮುಂಚೆ ಕಿತ್ತರೂ ಹುಳಿ ಕಣಮ್ಮ. ಟೈಮು ನೋಡ್ತಿದೀನಿ" ಎಂದರು ಮಾವ. ಏಣಿ ಹಿಡಿದಿದ್ದ ಗಂಡ ಪಕಪಕ ನಕ್ಕ. ಸೊಸೆಗೂ ನಗು ಬಂತು. ಕಟ್ಟಿಕೊಂಡು ಬಂದ ಮಾತನ್ನು ಇಂಥ ಜಾಗದಲ್ಲಿ ಹೇಗೆ ಬಿಚ್ಚುವುದು ಎಂದು ಮನಸ್ಸು ಹಿಂದೆಮುಂದೆ ನೋಡಿತು.

ಮರುದಿನ ಬೆಳಗ್ಗೆ ಹಿತ್ತಿಲಿನ ತಗಡಿನ ಮಾಡಿನಡಿ ಜಾಮಿನ ಕೆಲಸ ಶುರುವಾಯಿತು. ಅಲ್ಲಿ ಅತ್ತೆಯದೇ ರಾಜ್ಯ. ಅಗಲ ಬಾಯಿಯ ಪಾತ್ರೆಯಲ್ಲಿ ಬೀಜ ತೆಗೆದ ಹಣ್ಣು ಬೇಯುತ್ತಿತ್ತು. ಪಕ್ಕದ ಒಲೆಯಲ್ಲಿ ಜಾಡಿಗಳು ಕುದಿಯುವ ನೀರಲ್ಲಿ ಮುಳುಗಿ ಕಟಕಟ ಅನ್ನುತ್ತಿದ್ದವು. ಒಂದು ಮರದ ಹಣ್ಣಿನ ಹುಳಿ ಇನ್ನೊಂದಕ್ಕಿಲ್ಲ, ಆದ್ದರಿಂದ ಸಕ್ಕರೆಗೆ ಲೆಕ್ಕವಿಲ್ಲ, ನಾಲಿಗೆಯೇ ಅಳತೆ. ಹೋದ ವರ್ಷದವರೆಗೂ ಅತ್ತೆ ಚಮಚದ ತುದಿಯಲ್ಲಿ ಒಂದಿಷ್ಟು ನೆಕ್ಕಿ "ಇನ್ನೆರಡು ಹಿಡಿ" ಎಂದರೆ ಅಲ್ಲಿಗೆ ಮುಗಿಯಿತು.

ಈ ಸಲ ಚಮಚ ಸೊಸೆಯ ಬಾಯಿಗೆ ಬಂತು. "ತಗೋ, ನೋಡು" ಎಂದು ಅತ್ತೆ ಎದುರಿಗೆ ನಿಂತರು. ಅದೇ ನೋಟ, ರೆಪ್ಪೆ ಮಿಟುಕಿಸದ ನೋಟ. ಇಲ್ಲಿಗೂ ಬಂತಲ್ಲ ಈ ಪೀಡೆ ಎಂದು ಸೊಸೆಗೆ ಮೈಯೆಲ್ಲ ಉರಿಯಿತು. ಇವತ್ತು ಈಕೆಗೆ ಏನೂ ಸಿಗಬಾರದು ಎಂದುಕೊಂಡು, ಹಲ್ಲು ಜುಮ್ಮೆನ್ನುವ ಹುಳಿಯನ್ನು ಕಲ್ಲಿನ ಮುಖ ಮಾಡಿಕೊಂಡು ನುಂಗಿದಳು.

ಅತ್ತೆ ಕಾದರು. ಇನ್ನೊಂದು ಚಮಚ ಕೊಟ್ಟರು. ಮತ್ತೆ ಕಲ್ಲು.

"ಹೇಗಿದೆ?"

"ಚೆನ್ನಾಗಿದೆ" ಎಂದಳು ಸೊಸೆ, ಆ ಮನೆಯವರೆಲ್ಲ ಹೇಳುವ ಹಾಗೆ.

ಅತ್ತೆಯ ಕೈ ಸಕ್ಕರೆಯ ಡಬ್ಬದ ಮೇಲೆ ಹೋಗಿ, ಮುಚ್ಚಳ ತೆಗೆಯದೆ ಹಿಂದೆ ಬಂತು. ಅಷ್ಟರಲ್ಲಿ ತೋಟದಮ್ಮ ಬುಟ್ಟಿ ಹೊತ್ತು ಬಂದವಳು ಕೇಳದೆಯೇ ಸೌಟಿಗೆ ಬೆರಳದ್ದಿ ಬಾಯಿಗಿಟ್ಟಳು. ಮುಖವೆಲ್ಲ ಮೂಗಿನ ಸುತ್ತ ಮುದುಡಿಕೊಂಡಿತು.

ಪಕ್ಕದಲ್ಲಿದ್ದ ಸೊಸೆ ಆಗ ತೋಟದಮ್ಮನನ್ನಲ್ಲ, ಅತ್ತೆಯನ್ನು ನೋಡಿದಳು. ಹತ್ತು ತಿಂಗಳಿನಿಂದ ತನ್ನ ಮೇಲೆ ನೆಟ್ಟಿದ್ದ ಆ ನೋಟವನ್ನು ಮೊದಲ ಸಲ ಪಕ್ಕದಿಂದ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ದೂರದ ಬಸ್ಸಿನ ಬೋರ್ಡು ಓದಲು ಒದ್ದಾಡುವವರ ನೋಟ ಅದು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅವಳು ಅದನ್ನು ದಿನಾ ಕಾಣುತ್ತಾಳೆ. ತೋಟದಮ್ಮ "ಏನಕ್ಕಾ ಇದು, ಹುಣಸೆಹಣ್ಣು ಬೇಯಿಸಿದೀಯಾ?" ಎಂದು ಕೂಗುವ ಮೊದಲೇ ಅತ್ತೆ ಮೂರು ಹಿಡಿ ಸಕ್ಕರೆ ಸುರಿದಾಗಿತ್ತು. ತೋಟದಮ್ಮ ಎರಡನೇ ಸಲ ಚಪ್ಪರಿಸಿದಾಗ ಅತ್ತೆಯ ಕಣ್ಣು ಅವಳ ತುಟಿಯ ಮೇಲೇ ಇತ್ತು.

ತೋಟದಮ್ಮ ಹೋದಳು. ಸೊಸೆಯ ತಲೆಯಲ್ಲಿ ಏನೋ ಗಿರ್ರನೆ ಸುತ್ತತೊಡಗಿತು. ಮಾಡಿನ ತುಂಬ ಹಣ್ಣಿನ ಸಿಹಿ ಪರಿಮಳ, ಬೇರೇನೂ ಇಲ್ಲ. ಅವಳು ಮೆಲ್ಲಗೆ ಹೇಳಿದಳು.

"ಅತ್ತೇ, ಅಡಿ ಹತ್ತಿದ ವಾಸನೆ ಬರ್ತಿದೆ."

"ಹೌದು ಹೌದು, ನನಗೂ ಈಗ್ಲೇ ಬಂತು" ಎಂದು ಅತ್ತೆ ದಡಬಡಿಸಿ ಉರಿ ಆರಿಸಿ, ಪಾತ್ರೆಯ ತಳವನ್ನು ಸೌಟಿನಿಂದ ಕೆರೆದರು. ಸೌಟು ಮೇಲೆ ಬಂತು. ಕರಕಲು ಒಂದು ಚೂರೂ ಇರಲಿಲ್ಲ. ಶುದ್ಧ ಕೆಂಪು. ಇಬ್ಬರೂ ಆ ಸೌಟನ್ನೇ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಯಾವಾಗಿಂದ ಅತ್ತೆ?" ಎಂದಳು ಸೊಸೆ.

ಅತ್ತೆ ಹಣ್ಣಿನ ಬುಟ್ಟಿಯ ಪಕ್ಕದ ಮಣೆಯ ಮೇಲೆ ಕೂತರು. "ಆ ಜ್ವರ ಬಂತಲ್ಲ. ಜ್ವರ ಬಿಡ್ತು. ಬಿಟ್ಟು ಹೋಗುವಾಗ ವಾಸನೆ ರುಚಿ ಎರಡನ್ನೂ ಕರ್ಕೊಂಡು ಹೋಯ್ತು."

"ಡಾಕ್ಟರು?"

"ತೋರಿಸ್ದೆ. ವಾಪಸ್ಸು ಬಂದ್ರೂ ಬರಬಹುದು, ಬರದೇ ಇದ್ರೂ ಇರಬಹುದು ಅಂದ್ರು. ಮಳೆ ಬಗ್ಗೆ ಹೇಳಿದ ಹಾಗೆ ಹೇಳಿದ್ರು."

"ಒಬ್ಬರಿಗಾದ್ರೂ ಹೇಳಬಾರದಿತ್ತಾ? ನಿಮ್ಮ ಮಗನಿಗೆ? ಮಾವನಿಗೆ?"

"ಹೇಳಿದ್ರೆ ಸೌಟು ಕಿತ್ಕೋತಿದ್ರಿ. ಪ್ರೀತಿಯಿಂದಾನೇ ಕಿತ್ಕೋತಿದ್ರಿ, ನನಗೆ ಗೊತ್ತು. ಅದನ್ನ ಕೊಟ್ಟ ಮೇಲೆ ಆ ಮನೇಲಿ ನಾನು ಯಾರು ಕಣೇ?" ಎಂದರು ಅತ್ತೆ. ಬುಟ್ಟಿಯಿಂದ ಒಂದು ಹಣ್ಣು ತೆಗೆದು ಕೈಯಲ್ಲಿ ತಿರುವುತ್ತಾ ಮುಂದುವರಿಸಿದರು. "ನಿನ್ನ ಗಂಡ ಚಪ್ಪಲಿ ಬೇಯಿಸಿ ಹಾಕಿದ್ರೂ ಚೆನ್ನಾಗಿದೆ ಅಂತಾನೆ. ನಿಮ್ಮ ಮಾವ ಅಗಿಯೋದೇ ಇಲ್ಲ, ನುಂಗ್ತಾರೆ. ಪುಟ್ಟಿಗೆ ಇವತ್ತು ಸೇರಿದ್ದು ನಾಳೆ ಸೇರಲ್ಲ. ನಿನ್ನ ಮುಖ ಒಂದೇ ಸುಳ್ಳು ಹೇಳದೇ ಇದ್ದದ್ದು."

"ನನ್ನ ಮುಖಾನಾ?"

"ಉಪ್ಪು ಜಾಸ್ತಿಯಾದ್ರೆ ನಿನ್ನ ಎಡಹುಬ್ಬು ಮೇಲೇಳುತ್ತೆ. ಕಡಿಮೆಯಾದ್ರೆ ಕೆಳತುಟಿ ಚೂರು ಜೋತು ಬೀಳುತ್ತೆ. ಖಾರ ಅಂದ್ರೆ ಮೊದಲು ಕಿವಿ ಕೆಂಪಾಗುತ್ತೆ, ಆಮೇಲೆ ಮೂಗು. ಹುಳಿಯಾದ್ರೆ ಒಂದು ಕಣ್ಣು ಸಣ್ಣ ಮಾಡ್ತೀಯ. ಅದನ್ನ ನೋಡ್ಕೊಂಡು ಒಳಗೆ ಹೋಗಿ ಸರಿ ಮಾಡ್ತಿದ್ದೆ. ನಿನ್ನ ತಟ್ಟೆಗೂ ಸರಿ ಮಾಡಿದ್ದನ್ನ ಹಾಕೋಣ ಅಂತ ಬಂದ್ರೆ ನೀನು ಕೈ ಅಡ್ಡ ಹಿಡೀತಿದ್ದೆ."

ಮದುವೆಯಾಗಿ ಇಷ್ಟು ವರ್ಷವಾದರೂ ಸೊಸೆಯ ಯಾವ ಹುಬ್ಬು ಯಾವಾಗ ಏಳುತ್ತದೆಂದು ಗಂಡನಿಗೆ ಗೊತ್ತಿಲ್ಲ. ಹೆತ್ತ ತಾಯಿಗೂ ಗೊತ್ತಿರಲಿಕ್ಕಿಲ್ಲ. ಈ ಹೆಂಗಸು ಅವಳ ಮುಖವನ್ನು ಪಾಠದ ಹಾಗೆ ಕಲಿತು, ಆ ಒಂದು ಮುಖವನ್ನೇ ನಂಬಿಕೊಂಡು, ದಿನಕ್ಕೆರಡು ಹೊತ್ತು ಇಡೀ ಮನೆಗೆ ಬೇಯಿಸಿ ಹಾಕಿದ್ದಾರೆ. ಬಂದ ನೆಂಟರೂ ಎರಡೆರಡು ಸಲ ಹಾಕಿಸಿಕೊಂಡು ಉಂಡು ಹೋಗಿದ್ದಾರೆ. ಕಣ್ಣು ಕಟ್ಟಿಕೊಂಡು ಹೊಲಿದ ಬಟ್ಟೆ ಮೈಗೆ ಸರಿಯಾಗಿ ಕೂತಂತೆ! ಅವಳಿಗೆ ಒಮ್ಮೆಲೇ ಭಯವೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

"ಚೆನ್ನಾಗಿದ್ದಾಗ ಏನು ಮಾಡ್ತೀನಿ?" ಎಂದು ಕೇಳಿದಳು.

"ಚೆನ್ನಾಗಿದ್ರೆ ನನ್ನ ಕಡೆ ನೋಡೋದೇ ಇಲ್ಲ. ಇನ್ನೊಂದು ತುತ್ತು ಕಲಸ್ತೀಯ. ಅವತ್ತು ನಾನು ಪಾತ್ರೆ ಒಳಗೆ ಒಯ್ಯಲ್ಲ."

"ನಾನು ನೀವು ತುತ್ತು ಎಣಿಸ್ತಿದೀರಿ ಅಂದ್ಕೊಂಡಿದ್ದೆ ಅತ್ತೆ."

"ಎಣಿಸ್ತಿದ್ದೆನಲ್ಲ. ಮೊದಲನೇದು ಮಾತ್ರ."

ಇಬ್ಬರಿಗೂ ನಗು ಬಂತು. ನಗು ಮುಗಿಯುವುದರೊಳಗೆ ಸೊಸೆಗೆ ಅಳುವೇ ಬಂದಿತ್ತು. ಅತ್ತೆ ಅಳಲಿಲ್ಲ. ಸೆರಗಿನಿಂದ ಸೌಟಿನ ಹಿಡಿ ಒರೆಸಿಕೊಂಡು ಹೇಳಿದರು.

"ದರ್ಜಿ ಅಂಗಡಿ ಮೇಲಿನ ಮನೆ ವಿಷಯ ನನಗೆ ಗೊತ್ತು. ಗಾಳಿ ಬೆಳಕು ಚೆನ್ನಾಗಿದೆಯಂತೆ. ಹೋಗಿ. ಬೇರೆ ಇರೋದೇನು ಅಪರಾಧ ಅಲ್ಲ. ಮುಖ ನಿನ್ನದು, ನಾನು ಕೇಳದೇ ಉಪಯೋಗಿಸ್ಕೊಂಡೆ. ಆದ್ರೆ ಇದನ್ನ ಯಾರ ಹತ್ರಾನೂ ಆಡ್ಬೇಡ ತಾಯೀ."

ಸೊಸೆ ಬಗ್ಗಿ ಒಲೆ ಹಚ್ಚಿದಳು. "ಮೊದಲು ಈ ಪಾತ್ರೆ ನೋಡೋಣ. ನನ್ನ ಮುಖ ನೋಡಬೇಡಿ. ಬಾಯಲ್ಲೇ ಹೇಳ್ತೀನಿ."

"ಬಾಯಿ ಸುಳ್ಳು ಹೇಳುತ್ತೆ."

"ಬೇರೆಯವರ ಬಾಯಿ ಹೇಳಬಹುದು. ನನ್ನ ಬಾಯಿಗೆ ಇಡೀ ಮನೆ ಹೆದರುತ್ತೆ ಅಂತ ನೀವೇ ಅಂತಿದ್ರಲ್ಲ."

ಅತ್ತೆ ಎದ್ದು ಬಂದರು. ಸೊಸೆ ಚಮಚ ಬಾಯಿಗಿಟ್ಟು "ಹುಳಿ" ಎಂದಳು.

"ಎಂಥ ಹುಳಿ?"

"ಹುಳಿ ಅಂದ್ರೆ ಹುಳಿ."

"ಸರಿಯಾಗಿ ಹೇಳೇ. ಹಲ್ಲಿಗೆ ಹತ್ತೋ ಹುಳಿಯಾ? ನಾಲಿಗೆ ಅಂಚಲ್ಲಿ ಜುಮ್ಮೆಂದು ಹೋಗಿಬಿಡೋದಾ? ಸಿಪ್ಪೆ ಒಗರು ಹಿಂದಿನಿಂದ ಬರ್ತಿದೆಯಾ?"

ಸೊಸೆ ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿದಳು. ಅಯ್ಯೋ, ಹೌದಲ್ಲ! ಅಂಚಿನಲ್ಲಿ ಒಂದು ಹುಳಿ, ಅದು ಆರಿದ ಮೇಲೆ ಗಂಟಲ ಬಳಿ ಒಂದು ಒಗರು, ಎರಡರ ನಡುವೆ ಜೇನಿನಂಥದೇನೋ ಹಾದುಹೋಯಿತು. ಇಷ್ಟು ವರ್ಷ ತಾನು ತಿಂದದ್ದೆಲ್ಲ ಬರೀ ಹೊಟ್ಟೆಗೆ ಹಾಕಿಕೊಂಡದ್ದೇ ಎಂದು ಅವಳಿಗೆ ಬೆರಗಾಯಿತು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅತ್ತೆ ಕಿವಿಗೊಟ್ಟು ಕೇಳಿ, ಒಂದೂವರೆ ಹಿಡಿ ಸಕ್ಕರೆ ಹಾಕಿ, ಉರಿ ಜೋರು ಮಾಡಿದರು. ಕುದಿತದ ಸದ್ದು ಹಗುರವಾಗಿದ್ದದ್ದು ಬರಬರುತ್ತಾ ದಪ್ಪಗಾಯಿತು. ಮಂಕಾಗಿದ್ದ ರಸ ನೋಡನೋಡುತ್ತಿದ್ದಂತೆ ತಿಳಿಯಾಗಿ, ಒಳಗೆ ದೀಪವಿಟ್ಟಂತೆ ಬೆಳಗಿತು. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿಂದ ತಳ್ಳಿದರೆ ಹನಿಯ ಮೈ ಸಣ್ಣಗೆ ನೆರಿಗೆಗಟ್ಟಿತು.

"ಹದ ಬಂತು" ಎಂದರು ಅತ್ತೆ. ಅದಕ್ಕೆ ಅವರಿಗೆ ಯಾರ ಮುಖವೂ ಬೇಕಾಗಲಿಲ್ಲ.

ಸಂಜೆ ತೋಟದಮ್ಮ ಬ್ರೆಡ್ಡಿಗೆ ಸವರಿಕೊಂಡು ತಿಂದು, "ಅಕ್ಕಾ, ಹೋದ ವರ್ಷದ್ದಕ್ಕಿಂತ ಇದೇ ಮೇಲು" ಎಂದು ತೋಟವೆಲ್ಲ ಕೇಳುವಂತೆ ಸಾರಿದಳು. ಅತ್ತೆ ಜಾಡಿಗಳ ಮುಚ್ಚಳ ಬಿಗಿಯುತ್ತಿದ್ದರು. ಪಕ್ಕದಲ್ಲಿ ಕೂತು ಜಾಡಿ ಒರೆಸುತ್ತಿದ್ದ ಸೊಸೆಗೆ, ಎಲ್ಲರಿಗೂ ಕೂಗಿ ಹೇಳಿಬಿಡಬೇಕು ಎನ್ನುವ ಆಸೆ ಗಂಟಲವರೆಗೆ ಬಂತು. ಕಷ್ಟಪಟ್ಟು ನುಂಗಿಕೊಂಡಳು.

ಹೊರಡುವ ದಿನ, ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಏರಿಸುತ್ತಾ ಗಂಡ ಪಿಸುಗುಟ್ಟಿದ.

"ಅಮ್ಮನಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಮನೆ ಯಜಮಾನರಿಗೆ ಏನು ಹೇಳ್ಲಿ?"

"ಬೇರೆಯವರಿಗೆ ಕೊಡ್ಲಿ ಅನ್ನಿ."

ಗಂಡ ಹಗ್ಗ ಬಿಟ್ಟು ಅವಳನ್ನೇ ನೋಡಿದ. "ಏನೇ ಇದು? ಹತ್ತು ತಿಂಗಳು ನನ್ನ ಪ್ರಾಣ ಹಿಂಡಿದೆ. ತುತ್ತು ಎಣಿಸ್ತಾರೆ ಅಂದೆ, ಉಪ್ಪು ಸುರೀತಾರೆ ಅಂದೆ. ಎಲ್ಲ ಸುಳ್ಳಾ ಹಾಗಾದ್ರೆ?"

ನಿಜ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಹೇಳಿದರೆ ಗಂಡನ ಮುಂದೆ ತಾನು ಗೆದ್ದಂತೆ. ಹತ್ತು ತಿಂಗಳ ಅವಮಾನ ಒಂದೇ ಏಟಿಗೆ ತೀರುತ್ತದೆ. ಆದರೆ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಅತ್ತೆ ಇತ್ತ ನೋಡುತ್ತಿದ್ದರು, ಈ ಸಲ ಅವಳ ಹುಬ್ಬನ್ನಲ್ಲ, ಬಾಯನ್ನು.

"ನನ್ನ ನಾಲಿಗೇನೇ ಕೆಟ್ಟಿತ್ತು ಅಂತ ಕಾಣುತ್ತೆ ಬಿಡಿ" ಎಂದಳು.

"ಹೆಂಗಸರ ತಲೆ ದೇವರಿಗೇ ಅರ್ಥವಾಗಲ್ಲ" ಎಂದು ಗಂಡ ಹಗ್ಗ ಬಿಗಿದ. ಮೇಲುಗೈ ಸಿಕ್ಕವನ ಹಾಗೆ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಹಾಕಿಕೊಳ್ಳಲಿ ಎಂದು ಅವಳು ಬಿಟ್ಟುಬಿಟ್ಟಳು.

ಮನೆಗೆ ಬಂದ ಮರುದಿನ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡಿತು. ಒಳಗೆ ಗುಸುಗುಸು, ನಡುನಡುವೆ ಕಿಸಕ್ಕನೆ ನಗು. ಊಟಕ್ಕೆ ಕೂತಾಗ ಅತ್ತೆಯ ಸೌಟು ಮಾವನ ತಟ್ಟೆಗೆ ಮೊದಲು ಬಂತು.

"ಏನಪ್ಪಾ ಇದು! ನನ್ನ ಅದೃಷ್ಟದ ಗಡಿಯಾರ ಮತ್ತೆ ಓಡೋಕೆ ಶುರುವಾಯ್ತಾ?" ಎಂದರು ಮಾವ.

"ಸುಮ್ನೆ ಉಣ್ಣಿ" ಎಂದರು ಅತ್ತೆ.

ಎಲ್ಲರದೂ ಒಂದೇ ಪಾತ್ರೆಯ ಊಟ. ಸೊಸೆ ಹೊಟ್ಟೆ ತುಂಬ ಉಂಡಳು. ಒಬ್ಬೊಬ್ಬರೇ ಎದ್ದು ಹೋದರು. ಅತ್ತೆ ಎಂದಿನಂತೆ ಕೊನೆಗೆ ತಾವೊಬ್ಬರೇ ತಟ್ಟೆ ಹಾಕಿಕೊಂಡು ಕೂತರು. ಬೇರೆ ದಿನವಾದರೆ ಸೊಸೆ ಎದ್ದು ಹೋಗುತ್ತಿದ್ದಳು. ಅಂದು ಎದುರಿಗೆ ಕೂತು ನೋಡಿದಳು. ತನ್ನನ್ನು ಅಷ್ಟು ಕಾಲ ನೋಡಿದವರು ಹೇಗೆ ಉಣ್ಣುತ್ತಾರೆಂದು ತಾನು ಒಂದು ದಿನವೂ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅತ್ತೆ ಕಲಸುತ್ತಿದ್ದರು, ಬಾಯಿಗಿಡುತ್ತಿದ್ದರು, ಅಗಿಯುತ್ತಿದ್ದರು, ಪಾತ್ರೆ ತೊಳೆಯುವ ಹಾಗೆ ಮಾಡಿ ಮುಗಿಸಬೇಕಾದ ಒಂದು ಕೆಲಸವೆಂಬಂತೆ.

"ಬಾಯಲ್ಲಿ ಹೇಗಿರುತ್ತೆ ಅತ್ತೆ?"

"ಬೆಚ್ಚಗಿರುತ್ತೆ" ಎಂದರು ಅತ್ತೆ. ಸ್ವಲ್ಪ ಯೋಚಿಸಿ, "ಮೆತ್ತಗಿರುತ್ತೆ. ಹೊಟ್ಟೆ ತುಂಬುತ್ತೆ. ಅಷ್ಟೇ."

ಸೊಸೆ ಎದ್ದು ಹೋಗಿ ಒಂದು ಜಾಡಿ ತೆರೆದಳು. ಎರಡು ಬ್ರೆಡ್ಡಿಗೆ ದಪ್ಪಗೆ ಸವರಿ, ಒಂದನ್ನು ಅತ್ತೆಯ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದು ಪಕ್ಕಕ್ಕೆ ಬಂದು ಕೂತಳು. "ನಾನು ಕಚ್ಚಿದಾಗ ನೀವೂ ಕಚ್ಚಿ" ಎಂದಳು. ಇಬ್ಬರೂ ಒಟ್ಟಿಗೆ ಕಚ್ಚಿದರು.

"ಈಗ ಸಿಹಿ" ಎಂದಳು ಸೊಸೆ, ಅಗಿಯುತ್ತಾ. "ತುಟಿಗೆ ಅಂಟೋ ಸಿಹಿ, ನಾಲಿಗೆ ತುಂಬ ಹರಡ್ತಿದೆ. ಈಗ ಅಂಚಿಂದ ಹುಳಿ ಬಂತು, ಜುಮ್ಮೆಂದು. ಒಗರು ಇನ್ನೇನು ಬರುತ್ತೆ..."

ಅತ್ತೆ ಕಣ್ಣು ಮುಚ್ಚಿದ್ದರು. ಒಂದು ಕೈ ಎತ್ತಿ ಅವಳ ಮಾತನ್ನು ತಡೆದರು.

"ನಿಧಾನಕ್ಕೆ ಹೇಳೇ," ಎಂದರು. "ನಾನಿನ್ನೂ ಸಿಹಿಯಲ್ಲೇ ಇದೀನಿ."